ಮುತ್ಯಾನ ಅರ್ಧ ವರ್ಷ

ಕಮಲಾಪುರ
೬ ಜೂನ್ ೨೦೨೪

ಈ ಕಾಗದ ಹಿಡಿದ ಮೊಮ್ಮಗಳೇ, ನಿಂತುಕೊಂಡು ಓದುವ ಚಾಳಿ ಬಿಟ್ಟು ಮೊದಲು ಕೂತುಕೋ. ಕಾಲು ಅಲ್ಲಾಡಿಸಬೇಡ. ಕೊನೆಯ ಸಾಲನ್ನು ಮೊದಲು ನೋಡಿ, "ಆಯಿ ಬೈದಾಳ" ಎಂದು ಮಡಚಿ ತಲೆದಿಂಬಿನ ಕೆಳಗೆ ತುರುಕಬೇಡ. ಬೈಗುಳ ಮೊದಲ ಸಾಲಿನಿಂದಲೇ ಇದೆ. ಆಶೀರ್ವಾದ ಕೊನೆಗೆ ಇಟ್ಟಿದ್ದೇನೆ, ಬೇಕಿದ್ದರೆ ಇಷ್ಟನ್ನೂ ದಾಟಿ ಬಂದು ತೆಗೆದುಕೋ.

ಒಂಬತ್ತು ತಿಂಗಳಾಯಿತು. ಬಸುರಿಯಾದವಳು ಹಡೆದು ಕೂಸಿಗೆ ಹೆಸರಿಡುವಷ್ಟು ದಿನ. ಅಷ್ಟು ದಿನ ಬಾಯಿ ಹೊಲಿದುಕೊಂಡಿದ್ದವಳು ಈಗ ಒಂದು ಹಾಳೆ ಕಳಿಸಿದ್ದೀಯ. ಅದೂ ಕೈಬರಹವಲ್ಲ, ಮಷೀನಿನಲ್ಲಿ ಹೊಡೆದದ್ದು. "ಮೃತ ಭಾಗಪ್ಪ ಇವರ ಆದಾಯ ತೆರಿಗೆ ವಿವರ ಸಲ್ಲಿಸಲು ಬೇಕಾಗುವ ಕಾಗದಪತ್ರಗಳು." ಕೆಳಗೆ ಒಂದರಿಂದ ಏಳರವರೆಗೆ ಪಟ್ಟಿ. ಪೋಸ್ಟಿನ ಹುಡುಗಿ ಕೊಟ್ಟಾಗ ಕೋರ್ಟಿನಿಂದ ನೋಟೀಸು ಬಂತೆಂದು ದೇವರ ಮುಂದೆ ಇಟ್ಟು ಕೈ ಮುಗಿದೆ. ಕೆಳಗೆ ನಿನ್ನ ಸಹಿ ನೋಡಿದ ಮೇಲೆ ಮೊದಲಿನಿಂದ ಮತ್ತೆ ಓದಿದೆ. ಮೃತ ಭಾಗಪ್ಪನಂತೆ! ತಾಯಿ ಸತ್ತ ಮೂರು ವರ್ಷದ ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಊರ ಕಂಬಗಳನ್ನೆಲ್ಲ ಎಣಿಸಿ ತೋರಿಸಿದ ಅಜ್ಜ ನಿನಗೆ ಮುತ್ಯಾ ಆಗಬೇಕೋ, ಮೃತ ಭಾಗಪ್ಪ ಆಗಬೇಕೋ?

ಕೇಳಿದ್ದರಲ್ಲಿ ಆರು ಕಳಿಸಿದ್ದೇನೆ. ಬ್ಯಾಂಕಿನ ಪಾಸ್‌ಬುಕ್ಕು, ಠೇವಣಿಯ ರಸೀದಿ, ಮುತ್ಯಾನ ಪ್ಯಾನ್ ಕಾರ್ಡು, ನನ್ನದು, ಇಬ್ಬರ ಆಧಾರ, ಪೆನ್ಶನ್ ನನ್ನ ಹೆಸರಿಗೆ ತಿರುಗಿಸಿದ ಆದೇಶ. ಪಾಸ್‌ಬುಕ್ಕಿನ ಮೇಲೆ ಎಣ್ಣೆ ಕಲೆ ಇದೆ, ಮೂಗು ಮುರಿಯಬೇಡ. ಏಳನೆಯದು, ಮುತ್ಯಾನ ಮರಣ ಪತ್ರ, ಕಳಿಸುವುದಿಲ್ಲ. ಅದು ಬೇಕಾದರೆ ಬಂದು ತೆಗೆದುಕೊಂಡು ಹೋಗು. ಕಲಬುರಗಿಯಿಂದ ಇಲ್ಲಿಗೆ ಬಸ್ಸಿಗೆ ಒಂದು ತಾಸು. ಈಗ ಹೆಣ್ಣುಮಕ್ಕಳಿಗೆ ಟಿಕೀಟೂ ಇಲ್ಲ.

ಫೋನು ಮಾಡುವ ಉಪಕಾರ ಮಾಡಬೇಡ. ಅದರ ತೂತಿನಲ್ಲಿ ಖಾನಾವಳಿಗೆ ಬಡಿಯುವ ರೊಟ್ಟಿಯ ಹಿಟ್ಟು ಕೂತು ಏನೂ ಕೇಳುವುದಿಲ್ಲ. ಬರೆಯುವುದಾದರೆ ಕೈಯಿಂದ ಬರೆ. ನಾಲ್ಕನೇ ಇಯತ್ತೆ ಕಲಿತವಳು ನಾನೇ ಬರೆಯುತ್ತೇನೆ, ಬಿ.ಕಾಂ. ಕಲಿತವಳಿಗೆ ಏನು ಧಾಡಿ?

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ಒಳ್ಳೆಯದು ಮಾಡಲಿ.

ನಿನ್ನ ಆಯಿ
ರೇವಮ್ಮ


ಕುಸನೂರ, ಕಲಬುರಗಿ
೧೮ ಜೂನ್ ೨೦೨೪

ಆಯಿಗೆ,

ಆರು ಕಾಗದ ಮುಟ್ಟಿದವು. ಏಳನೆಯದಕ್ಕಾಗಿ ನಾನು ಬರುವುದಿಲ್ಲ. ಕರೆಯಬೇಕಾದ ದಿನ ಕರೆಯದವರು ಈಗ ಒಂದು ಹಾಳೆ ತೋರಿಸಿ ಕರೆಯಬಾರದು.

ಕೇಳಿದ್ದು ಯಾಕೆಂದು ಹೇಳಿಬಿಡುತ್ತೇನೆ. ಏಪ್ರಿಲ್‌ನಿಂದ ಶರಣಬಸವೇಶ್ವರ ಗುಡಿಯ ಹತ್ತಿರ ಇಮಾಮುದ್ದೀನ್ ಸಾಹೇಬರ ಆಫೀಸಿನಲ್ಲಿದ್ದೇನೆ. ಅವರು ನಲವತ್ತು ವರ್ಷದಿಂದ ಮಂದಿಯ ತೆರಿಗೆ ಕಾಗದ ತುಂಬಿಕೊಡುವವರು. ಹೊಸಬರಿಗೆ ಅವರದೊಂದು ನೇಮ ಇದೆ. ಮೊದಲ ಕಾಗದ ತನ್ನ ಮನೆಯದೇ ಆಗಬೇಕು. ಮೊದಲು ಕೈಯಿಂದ ಹಾಳೆಯ ಮೇಲೆ, ಅದನ್ನು ಮನೆಯವರು ನೋಡಿ ಹೌದು ಅಂದ ಮೇಲೆ ಕಂಪ್ಯೂಟರಿನಲ್ಲಿ. ಅದು ಕೊನೆಯವರೆಗೆ ಸರಿಯಾಗಿ ಮುಟ್ಟಿದರೆ ಮಾತ್ರ ಹೊರಗಿನವರ ಕಾಗದ ಕೈಗೆ. "ತನ್ನ ಮನಿ ಕಾಗದ ನೆಟ್ಟಗ ತುಂಬಲಾರದಾಕಿ ಮಂದಿದು ಏನ್ ತುಂಬತಾಳವ್ವ?" ಅನ್ನುತ್ತಾರೆ. ಸರಿಹೋದರೆ ಸೆಪ್ಟೆಂಬರ್‌ನಿಂದ ನನಗೆ ಖಾಯಂ ಕುರ್ಚಿ. ಇಲ್ಲದಿದ್ದರೆ ಇಲ್ಲ.

ನನ್ನ ಮನೆ ಅಂದರೆ ಯಾವುದೆಂದು ಅರ್ಧ ದಿನ ಯೋಚಿಸಿದೆ. ನನ್ನ ಆದಾಯ ಸೊನ್ನೆ. ಅಪ್ಪ ಪುಣೆಯಲ್ಲಿ ಬೇರೆ ಸಂಸಾರ ಹೂಡಿ ನನ್ನ ಫೋನು ಎತ್ತುವುದಿಲ್ಲ. ಉಳಿದವನು ಮುತ್ಯಾ. ಹೋದ ವರ್ಷ ಅವನ ಠೇವಣಿಯ ಬಡ್ಡಿಯಲ್ಲಿ ಬ್ಯಾಂಕಿನವರು ತೆರಿಗೆ ಹಿಡಿದಿದ್ದಾರೆ. ವಿವರ ಸಲ್ಲಿಸಿದರೆ ಅದು ವಾಪಸ್ ಬರುತ್ತದೆ. ಸತ್ತವರ ವಿವರವನ್ನು ವಾರಸುದಾರರು ಸಲ್ಲಿಸಬೇಕು. ಅಂದರೆ ಆದಾಯ ಮುತ್ಯಾನದು, ತುಂಬುವವಳು ನಾನು, ಸಹಿ ನಿನ್ನದು. ಮೂವರಲ್ಲಿ ಒಬ್ಬರು ಇಲ್ಲದಿದ್ದರೂ ಆಗುವುದಿಲ್ಲ. ಜುಲೈ ಮೂವತ್ತೊಂದು ಕೊನೆಯ ದಿನ.

ಮರಣ ಪತ್ರ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸು.

ಪ್ರಿಯದರ್ಶಿನಿ


ಕಮಲಾಪುರ
೨೭ ಜೂನ್ ೨೦೨೪

ಪ್ರಿಯಾ,

ನಾಲಿಗೆ ನನ್ನದೇ ಬಂದಿದೆ ನಿನಗೆ. ಮೂಗು ಮಾತ್ರ ನಿಮ್ಮವ್ವನದು, ಪುಣ್ಯ.

ಮರಣ ಪತ್ರ ಇದರಲ್ಲಿದೆ. ಅದನ್ನು ಇಟ್ಟಿದ್ದ ಟ್ರಂಕಿನಿಂದ ತೆಗೆದು, ಮತ್ತೆ ಇಟ್ಟು, ಮತ್ತೆ ತೆಗೆದು ಕಳಿಸುತ್ತಿದ್ದೇನೆ. ಇನ್ನು ನಿನ್ನನ್ನು ಕರೆಸಲು ನನ್ನ ಹತ್ತಿರ ಯಾವ ಹಾಳೆಯೂ ಉಳಿದಿಲ್ಲ.

ಬ್ಯಾಂಕಿಗೂ ಹೋಗಿ ಬಂದೆ. "ನಮ್ಮವರ ರೊಕ್ಕ ಯಾಕ ಹಿಡದ್ರಿ?" ಎಂದು ಕೌಂಟರಿನಲ್ಲಿದ್ದ ಸುಮಂಗಲಾ ಎಂಬ ಹುಡುಗಿಯನ್ನು ಕೇಳಿದೆ. ಅವಳು ಏನೋ ಹೇಳಿದಳು. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು, ಬರೆದುಕೊಡು ಅಂದೆ. ಪಾಪ, ಬರೆದುಕೊಟ್ಟಳು. ಪ್ರತಿ ಏಪ್ರಿಲ್‌ನಲ್ಲಿ ಮುದುಕರು ಒಂದು ಹಾಳೆ ತುಂಬಿ ಕೊಡಬೇಕಂತೆ: ನನಗೆ ತೆರಿಗೆ ಬೀಳುವಷ್ಟು ಆದಾಯ ಇಲ್ಲ, ಹಿಡಿಯಬೇಡಿ ಎಂದು. ಕೊಡದಿದ್ದರೆ ಹಿಡಿಯುವುದು ಅವರ ಕಾಯಿದೆ. ಆಗ ನೆನಪಾಯಿತು. ಪ್ರತಿ ಏಪ್ರಿಲ್‌ನಲ್ಲಿ ನಿನ್ನ ಮುತ್ಯಾ ಇಸ್ತ್ರಿ ಅಂಗಿ ತೊಟ್ಟು, "ಬ್ಯಾಂಕಿಗೆ ಹೋಗಿ ನಾ ಬಡವ ಅಂತ ಹೇಳಿ ಬರ್ತೀನಿ" ಎಂದು ನಕ್ಕು ಹೋಗುತ್ತಿದ್ದ. ಯಾವುದೋ ಚೇಷ್ಟೆ ಎಂದುಕೊಂಡಿದ್ದೆ. ಹೋದ ವರ್ಷ ಏಪ್ರಿಲ್‌ನಲ್ಲಿ ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ಹಾಳೆ ಹೋಗಲಿಲ್ಲ. ಹಿಡಿದರು.

ನೀನು ಪಟ್ಟಿಯ ಹಿಂದೆ ಹೊಡೆದ ತೆರಿಗೆ ಹಂತದ ಲೆಕ್ಕ ನನಗೆ ಒಂದೇ ಸಲಕ್ಕೆ ತಿಳಿಯಿತು. ಮೂರು ಲಕ್ಷದವರೆಗೆ ಸೊನ್ನೆ, ಅದರ ಮೇಲಿನದಕ್ಕೆ ಮಾತ್ರ ಇಷ್ಟು, ಅದಕ್ಕೂ ಮೇಲಿನದಕ್ಕೆ ಇನ್ನಷ್ಟು. ಇದೇನು ಹೊಸದೇ? ಕರೆಂಟ್ ಬಿಲ್ಲು ಹೀಗೇ ಅಲ್ಲವೇ? ಲೈನ್‌ಮನ್ನನ ಹೆಂಡತಿಗೆ ಯಾರೂ ಹಂತ ಹೇಳಿಕೊಡಬೇಕಾಗಿಲ್ಲ. ಮದುವೆಯಾಗಿ ಬಂದ ವರ್ಷ ನಿನ್ನ ಮುತ್ಯಾ ನನಗೆ ಮೊದಲು ಓದಲು ಕಲಿಸಿದ್ದು ಮೀಟರು. ಶಾಲೆಯಲ್ಲಿ ಕಲಿತದ್ದು ಮರೆತಿತ್ತು, ಅಂಕಿ ಅವನಿಂದ ಬಂತು. ನಿನ್ನ ಸಾಹೇಬರಿಗೆ ಹೇಳು, ಬಿ.ಕಾಂ. ಮಾಡಿದವರಿಗೆ ತಿಳಿಯದಿದ್ದರೆ ಕರೆಂಟ್ ಬಿಲ್ಲು ತೋರಿಸಲಿ.

ಒಂದು ಮಾತ್ರ ತಿಳಿಯಲಿಲ್ಲ. ಗಳಿಸುವುದು ಒಂದು ವರ್ಷ, ಕೇಳುವುದು ಮರುವರ್ಷ ಅಂತೀಯಲ್ಲ, ನಡುವೆ ಮನುಷ್ಯ ಹೋದರೆ ಅವನನ್ನು ಯಾರು ಕೇಳಬೇಕು? ವಾರಸುದಾರರನ್ನು, ಸರಿ. ಆದರೆ ವಾರಸುದಾರರಿಗೆ ಎಲ್ಲಕ್ಕೂ ಉತ್ತರ ಗೊತ್ತಿರುತ್ತದೆಯೇ?

ಕೆಂಪು ಬಾಳೆ ಹಣ್ಣಾಗಿವೆ. ಪೋಸ್ಟಿನಲ್ಲಿ ತೆಗೆದುಕೊಳ್ಳುವುದಿಲ್ಲ ಅಂದರು. ನಾನೇ ತಿಂದೆ.

ನಿನ್ನ ಆಯಿ
ರೇವಮ್ಮ


ಕಮಲಾಪುರ
೧೦ ಜುಲೈ ೨೦೨೪

ಪ್ರಿಯಾ,

ನೀನು ಕೈಯಿಂದ ತುಂಬಿದ ಹಾಳೆ ಬಂತು. ಜೂನಿನ ಕಾಗದವೂ ಮಷೀನಿನದೇ, ನಿನ್ನ ಅಕ್ಷರ ನೋಡಿ ಎಷ್ಟು ದಿನವಾಗಿತ್ತು. 'ದ'ದ ಹೊಟ್ಟೆ ಇನ್ನೂ ಹಾಗೇ ಉಬ್ಬಿಸುತ್ತೀಯ. ಮನೆಯವರು ನೋಡಿ ಹೌದು ಅನ್ನಬೇಕು ಎಂದು ಸಾಹೇಬರ ನೇಮ ಅಂದೆಯಲ್ಲ, ಹಾಗಾದರೆ ಕೇಳು. ಹೌದು ಅನ್ನುವುದಿಲ್ಲ. ತಪ್ಪಿದೆ.

ಪೆನ್ಶನ್ ಎಂಬಲ್ಲಿ ಹನ್ನೆರಡು ತಿಂಗಳದ್ದು ಕೂಡಿಸಿದ್ದೀಯ, ಏಪ್ರಿಲ್‌ನಿಂದ ಮಾರ್ಚಿಯವರೆಗೆ. ಸತ್ತವನಿಗೆ ಯಾವ ಸರಕಾರ ಪೆನ್ಶನ್ ಕೊಟ್ಟಿತವ್ವ? ಮುತ್ಯಾ ಇದ್ದದ್ದು ಸೆಪ್ಟೆಂಬರ್ ಹನ್ನೆರಡರವರೆಗೆ. ಅಲ್ಲಿಯವರೆಗೆ ಬಂದದ್ದು ಅವನದು. ಆಮೇಲಿನದು ವಿಧವೆಯ ಪೆನ್ಶನ್ನು, ನನ್ನದು, ಅದಕ್ಕೆ ಬೇರೆ ಹಾಳೆ. ನೀನೇ ಕಳಿಸಿದ ಪಟ್ಟಿಯ ಕೆಳಗೆ ಬರೆದಿದೆ ಇದು. ಬಡ್ಡಿಯೂ ಹಾಗೇ. ಪಾಸ್‌ಬುಕ್ಕಿನಲ್ಲಿ ನಾನು ಪೆನ್ಸಿಲ್ಲಿನಿಂದ ಗೆರೆ ಎಳೆದೇ ಕಳಿಸಿದ್ದೆ, ನೋಡಲಿಲ್ಲವೇ?

ಬಿ.ಕಾಂ. ಕಲಿತವಳು ಇಂಥ ತಪ್ಪು ಯಾಕೆ ಮಾಡಿದಳು ಎಂದು ಮೊದಲು ನಗು ಬಂತು. ಹಾಳೆ ತಿರುಗಿಸಿದ ಮೇಲೆ ನಗು ನಿಂತಿತು. ಹಿಂದಿನ ಪುಟದಲ್ಲಿ, ಮರಣದ ದಿನಾಂಕ ಎಂಬ ಮನೆ ಖಾಲಿ ಇದೆ. ಉಳಿದ ಎಲ್ಲ ಮನೆ ತುಂಬಿದ್ದೀಯ. ಅದರಲ್ಲಿ ಪೆನ್ನು ಊರಿದ ಒಂದು ಚುಕ್ಕೆ ಮಾತ್ರ ಇದೆ.

ನಾನು ತುಂಬಿದ್ದೇನೆ. ೧೨-೯-೨೦೨೩.

ಅಂದು ನಿನಗೆ ಪರೀಕ್ಷೆ ಇತ್ತು. ಇದೇ ತೆರಿಗೆಯ ವಿಷಯ. ಹದಿನಾಲ್ಕಕ್ಕೆ ಕೊನೆಯದು. ಗೋಡೆಯ ಕ್ಯಾಲೆಂಡರಿನಲ್ಲಿ ನಿನ್ನ ಮುತ್ಯಾನೇ ಎರಡೂ ದಿನಕ್ಕೆ ಸುತ್ತು ಹಾಕಿದ್ದ. ಆ ಕ್ಯಾಲೆಂಡರು ಇನ್ನೂ ಇದೆ. ಹೊಸದನ್ನು ಅದರ ಮೇಲೆಯೇ ತೂಗುಹಾಕಿದ್ದೇನೆ.

ಹಾಳೆ ತಿದ್ದಿ ಮತ್ತೆ ಬರೆ. ಅವನದು ಎಷ್ಟು ದಿನವೋ ಅಷ್ಟೇ ಬರೆ, ಒಂದು ದಿನವೂ ಹೆಚ್ಚು ಬೇಡ. ನನಗೂ ಹೆಚ್ಚು ಮಾಡಬೇಕೆಂದು ಅನಿಸುತ್ತಿತ್ತು, ಆಗಲಿಲ್ಲ.

ನಿನ್ನ ಆಯಿ
ರೇವಮ್ಮ


ಕಮಲಾಪುರ
೨೨ ಜುಲೈ ೨೦೨೪

ಪ್ರಿಯಾ,

ಹದಿನೆಂಟನೇ ತಾರೀಖು ಕಂಪ್ಯೂಟರಿನಲ್ಲಿ ಸಲ್ಲಿಸಿದೆ ಎಂದು ಬರೆದದ್ದು ಓದಿ ಪಕ್ಕದ ಮನೆಯ ಮೆಹಬೂಬಿಗೆ ಸಕ್ಕರೆ ಕೊಟ್ಟೆ. ಸಲ್ಲಿಸಿದರೆ ಅರ್ಧ ಕೆಲಸ, ಮೂವತ್ತು ದಿನದೊಳಗೆ ನಾನು "ಇದು ನಿಜ" ಎಂದು ಒಪ್ಪಬೇಕು, ಇಲ್ಲದಿದ್ದರೆ ಸಲ್ಲಿಸಿಯೇ ಇಲ್ಲ ಎಂದು ಲೆಕ್ಕ, ಇದೂ ತಿಳಿಯಿತು. ಒಪ್ಪುವುದಕ್ಕೆ ನನ್ನ ಆಧಾರಕ್ಕೆ ಅಂಟಿದ ಫೋನಿಗೆ ಆರು ಅಂಕಿ ಬರುತ್ತವೆ, ಆದರೆ ಅಂಟಿಸಿದ್ದು ಮುತ್ಯಾನ ನಂಬರು, ಅದು ಈಗ ನಮ್ಮದಲ್ಲ. ಅದಕ್ಕೇ ಸಹಿ ಮಾಡುವ ಹಾಳೆ ಪೋಸ್ಟಿನಲ್ಲಿ ಕಳಿಸುತ್ತೀ. ಸರಿ.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಸುಮ್ಮನಿದ್ದು ನನಗೆ ರೂಢಿ ಇಲ್ಲ. ಆರು ಅಂಕಿ ಆ ನಂಬರಿಗೆ ಬಂದಿವೆ ಅಂದರೆ ಅಲ್ಲಿ ಯಾರೋ ಹಿಡಿದಿಟ್ಟಿರುತ್ತಾರೆ, ಕೇಳಿದರೆ ಕೊಡುತ್ತಾರೆ ಎಂದುಕೊಂಡು ಮೆಹಬೂಬಿಯನ್ನು ಕರೆದೆ. ನನ್ನ ಫೋನು ಹೇಗಿದೆ ನಿನಗೆ ಗೊತ್ತು. ಅವಳು ತನ್ನ ಫೋನಿನಿಂದ ಹಚ್ಚಿ ದೊಡ್ಡ ದನಿ ಮಾಡಿ ನನ್ನ ಅಂಗೈ ಮೇಲೆ ಇಟ್ಟಳು. ಯಾರೋ ಎತ್ತಿದರು. ನಾನು ಹೇಳಿದೆ:

"ಅಪ್ಪಾ, ನಿನ್ನ ಫೋನಿಗಿ ಆರು ಅಂಕಿ ಬಂದಾವಲ್ಲ, ಅವು ನಮ್ಮವು. ಒಂದೊಂದಾಗಿ ಹೇಳಿಬಿಡು."

ಮೆಹಬೂಬಿಯ ಮುಖ ಬಾಡಿತು. "ಹಾಯ್ ಅಲ್ಲಾ! ಆಯಿ, ಅಂವಾ ಬೈಯಾಕತ್ತಾನ್ರೀ" ಅಂದಳು.

"ಏನಂತ ಬೈಯಾಕತ್ತಾನ? ನೆಟ್ಟಗ ಹೇಳು, ಕಿವ್ಯಾಗ ಹೇಳು."

"ಈ ಮುದಕಿಗಿ ಸಾಯೋ ವಯಸ್ಸಿನ್ಯಾಗ ಇದೇನ ಧಂದಾ, ಹೋದ ತಿಂಗಳ ಹಿಂಗೇ ಅಂಕಿ ಕೇಳಿ ನಮ್ಮ ಮಾವನ ರೊಕ್ಕ ಹೊಡದಾರ, ಪೊಲೀಸರಿಗಿ ಹಿಡದು ಕೊಡ್ತೀನಿ, ಅಂತಾನ. ಹುಮನಾಬಾದದಾಂವ ಇರಬೇಕು. ರಖ್ ದೂಂ ಕ್ಯಾ, ಆಯಿ? ಇಟ್ಟಬಿಡ್ಲಿ?"

ಬೇಡ ಅಂದೆ. ಹತ್ತು ತಿಂಗಳ ಮೇಲೆ ಆ ನಂಬರಿನಿಂದ ಒಂದು ಗಂಡಸಿನ ದನಿ. ಫೋನು ಅಂಗೈಯಲ್ಲಿ ಗುಂಯ್ ಗುಂಯ್ ಎಂದು ನಡುಗುತ್ತಿತ್ತು. ಇನ್ನೂ ಸ್ವಲ್ಪ ಬೈಯಲಿ, ಇಡಬೇಡ ಅಂದೆ.

ಆ ಅಂಕಿಗಳ ಆಯುಷ್ಯ ಬರೀ ಕೆಲವೇ ನಿಮಿಷ ಎಂದು ಮೆಹಬೂಬಿಯ ಮಗಳು ಸಿದ್ರಾ ಆಮೇಲೆ ಹೇಳಿದಳು. ನೀನೂ ಬರೆಯಬಹುದಿತ್ತು. ಈಗ ಊರ ತುಂಬ ರೇವಮ್ಮ ಫೋನಿನಲ್ಲಿ ಕಳವು ಮಾಡುತ್ತಾಳೆ ಎಂದು ನಗುತ್ತಾರೆ. ನಗಲಿ. ಯಾರಾದರೂ ಬಾಗಿಲ ಮುಂದೆ ನಿಂತು ನಕ್ಕರೆ ನಾಲ್ಕು ಮಾತಾದರೂ ಆಗುತ್ತವೆ.

ಹಾಳೆ ಬೇಗ ಕಳಿಸು.

ನಿನ್ನ ಆಯಿ
ರೇವಮ್ಮ


ಕಮಲಾಪುರ
೨೯ ಜುಲೈ ೨೦೨೪

ಪ್ರಿಯಾ,

ಹಾಳೆ ಬಂತು, ಸಹಿ ಆಯಿತು, ಬೆಂಗಳೂರಿನ ತೆರಿಗೆ ಆಫೀಸಿನ ವಿಳಾಸಕ್ಕೆ ಇವತ್ತೇ ಹೋಯಿತು. ನೀಲಿ ಶಾಯಿ ಎಂದು ನೀನು ಮೂರು ಸಲ ಗೆರೆ ಎಳೆದಿದ್ದೆ. ನೀಲಿಯಲ್ಲೇ ಮಾಡಿದೆ. ನಡುಗದೆ ಬರಲಿ ಎಂದು ಮೊದಲು ಹಳೆಯ ಕರೆಂಟ್ ಬಿಲ್ಲಿನ ಹಿಂದೆ ಹತ್ತು ಸಲ ಬರೆದು ನೋಡಿದೆ.

ಮೇಲೆ ಮುತ್ಯಾನ ಹೆಸರು, ಕೆಳಗೆ ನನ್ನದು, ನಡುವೆ ನಿನ್ನ ದುಡಿಮೆ. ಅಂಥ ಹಾಳೆಯನ್ನು ಬರಿದಾಗಿ ಕಳಿಸಲು ಮನಸ್ಸು ಬರಲಿಲ್ಲ. ನಿನ್ನ ಮೊದಲ ಕೆಲಸ ಅದು. ಮದುವೆ ಕಾಗದಕ್ಕೆ, ಅಂಗಡಿಯ ಹೊಸ ಪುಸ್ತಕಕ್ಕೆ ಮಾಡುವ ಹಾಗೆ ನಾಲ್ಕೂ ಮೂಲೆಗೆ ಅರಿಶಿಣ ಹಚ್ಚಿಸಿದೆ. ಹಚ್ಚಿಸಿದೆ ಎಂದರೆ ನನ್ನ ಕೈಯಿಂದಲ್ಲ. ಗಂಡನನ್ನು ಕಳೆದುಕೊಂಡವಳ ಕೈಯಿಂದ ನಿನ್ನ ಮೊದಲ ಕೆಲಸಕ್ಕೆ ಅರಿಶಿಣ ಬೇಡ ಎಂದು ಮೆಹಬೂಬಿಯನ್ನು ಕರೆದೆ. ಅವಳ ಗಂಡ ಗಟ್ಟಿಯಾಗಿದ್ದಾನೆ. "ನನ್ನ ಕೈ ನಡೀತದೇನ್ರೀ ಆಯಿ?" ಅಂದಳು. "ನಿನ್ನ ಕೈಯಾಗಿನ ಬಳಿ ನಡೀತಾವ, ಹಚ್ಚು" ಅಂದೆ. ಬಿಸ್ಮಿಲ್ಲಾ ಅಂದು ಹಚ್ಚಿದಳು. ಆಮೇಲೆ ಪ್ರಸಾದದ ಪೊಟ್ಟಣದ ಹಾಗೆ ನಾಲ್ಕೂ ಮೂಲೆಯನ್ನು ನಡುವಿಗೆ ತಂದು ಮಡಚಿ ಲಕೋಟೆಗೆ ಹಾಕಿದೆ.

ಪಂಚಮಿ ಬಂತು. ಶೇಂಗಾದ ಉಂಡಿ, ಎಳ್ಳಿನ ಉಂಡಿ ಎರಡೂ ಕಟ್ಟುತ್ತೇನೆ. ಯಾರಿಗೆ ಎಂದು ಕೇಳಬೇಡ. ಹಬ್ಬ, ಕಟ್ಟಬೇಕು, ಕಟ್ಟುತ್ತೇನೆ.

ನಿನ್ನ ಆಯಿ
ರೇವಮ್ಮ


ಕುಸನೂರ, ಕಲಬುರಗಿ
೮ ಆಗಸ್ಟ್ ೨೦೨೪

ಆಯಿ,

ಏನು ಮಾಡಿದೆ ನೀನು! ಹಾಳೆಯ ನಡುವೆ ಕಪ್ಪು ಗೆರೆಗಳ ಒಂದು ಪಟ್ಟಿ ಇತ್ತಲ್ಲ, ಅದನ್ನು ಮಷೀನು ಓದಬೇಕು. ನಿನ್ನ ಹಸಿ ಅರಿಶಿಣ ಮಡಚಿದಲ್ಲಿ ಅದರ ಮೇಲೆಯೇ ಕೂತಿದೆ. ಒಪ್ಪಿಲ್ಲ ಎಂದು ಬೆಂಗಳೂರಿನಿಂದ ಇವತ್ತು ಸಂದೇಶ ಬಂತು. ಆಗಸ್ಟ್ ಹದಿನೇಳರೊಳಗೆ ಸರಿಯಾದ ಹಾಳೆ ಅಲ್ಲಿ ಮುಟ್ಟಬೇಕು. ಇಲ್ಲದಿದ್ದರೆ ಸಲ್ಲಿಸಿದ್ದೇ ಇಲ್ಲ.

ಸಾಹೇಬರಿಗೆ ನಿನ್ನ ಕಾಗದ ಓದಿ ಹೇಳಿದೆ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. "ನಲವತ್ತು ವರ್ಷದಾಗ ಎಣ್ಣಿ ನೋಡೀನಿ, ಚಹಾ ನೋಡೀನಿ, ಹಲ್ದೀ ನೋಡಿದ್ದಿಲ್ಲ" ಅಂದರು. ಆಮೇಲೆ, "ಮತ್ತ ನೇಮ ನೇಮನೇ ಅವ್ವ" ಅಂದರು.

ಪೋಸ್ಟಿನ ಮೇಲೆ ಭರವಸೆ ಇಲ್ಲ. ಭಾನುವಾರ ನಾನೇ ಹೊಸ ಹಾಳೆ ಹಿಡಿದು ಬರುತ್ತೇನೆ. ಅರಿಶಿಣದ ಡಬ್ಬಿ ಮುಚ್ಚಿಡು.

ಪ್ರಿಯಾ


(ಬಾಗಿಲ ಕೆಳಗಿನಿಂದ ತೂರಿಸಿದ ಚೀಟಿ)

೧೧ ಆಗಸ್ಟ್, ಭಾನುವಾರ

ಮುಕ್ಕಾಲು ತಾಸು ಬಡಿದೆ, ಕೂಗಿದೆ. ಮೆಹಬೂಬಿ ಚಾಚಿಯ ಮನೆಗೂ ಬೀಗ. ಒಳಗೆ ನೀನು ರೊಟ್ಟಿ ಬಡಿಯುವ ಸದ್ದು ಕೇಳುತ್ತಲೇ ಇತ್ತು, ಒಂದು ಸಲವೂ ನಿಲ್ಲಲಿಲ್ಲ. ತಿಳಿಯಿತು. ಬಾಗಿಲು ತೆಗೆಯಬೇಡ. ಈ ಹೊಸ ಹಾಳೆಗೆ ಸಹಿ ಮಾಡಿ ಕಳಿಸು, ಸಾಕು.

ಪ್ರಿಯದರ್ಶಿನಿ


ಕಮಲಾಪುರ
೧೩ ಆಗಸ್ಟ್ ೨೦೨೪

ಪ್ರಿಯಾ,

ಮೊದಲು ಕೆಲಸದ ಮಾತು. ಅರಿಶಿಣದ ಡಬ್ಬಿಯನ್ನು ಮೆಹಬೂಬಿಯ ಮನೆಯಲ್ಲಿ ಇಟ್ಟು ಬಂದು ಸಹಿ ಮಾಡಿದೆ. ಮಡಚಲಿಲ್ಲ. ಎರಡು ರಟ್ಟಿನ ನಡುವೆ ಇಟ್ಟು, ನಿನ್ನೆ ಪೋಸ್ಟಾಫೀಸಿನ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತು ಸ್ಪೀಡ್ ಪೋಸ್ಟ್ ಮಾಡಿದೆ. ರಸೀದಿ ಇದರ ಜೊತೆ ಇದೆ. ಗುರುವಾರ ಸೂಟಿ ಇದ್ದರೂ ಹದಿನೇಳರೊಳಗೆ ಮುಟ್ಟುತ್ತದೆ ಎಂದು ಅಲ್ಲಿಯ ದೌಲಪ್ಪ ಹೇಳಿದ. ಅವನು ಹೇಳಿದ್ದನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದೆ. ಬ್ಯಾಂಕಿನ ಸುಮಂಗಲಾಳಿಂದಲೂ ಬರೆಸಿಕೊಂಡಿದ್ದೆ. ಯಾಕೆ ಬರೆಸಿಕೊಳ್ಳುತ್ತೇನೆ ಎಂಬುದು ಉಳಿದ ಮಾತು.

ನನಗೆ ಕಿವಿ ಕೇಳುವುದಿಲ್ಲ.

ಬಲಗಿವಿ ಮುತ್ಯಾ ಇದ್ದಾಗಲೇ ಹೋಗಿತ್ತು. ಎಡಗಿವಿ ಈ ಸಂಕ್ರಾಂತಿಯಿಂದ ಮುಚ್ಚುತ್ತಾ ಬಂತು. ಫೋನಿನಲ್ಲಿ ಹಿಟ್ಟು ಕೂತಿಲ್ಲ, ಫೋನು ನೆಟ್ಟಗಿದೆ. ಮೆಹಬೂಬಿ ಕಿವಿಗೆ ಬಾಯಿ ಹಚ್ಚಿ ಕೂಗಿದರೆ ಒಂದಿಷ್ಟು ಸಿಗುತ್ತದೆ. ಬೇರೆಯವರದು ತುಟಿ ನೋಡಿ ಅಂದಾಜು. ಯಾರಿಗೂ ಹೇಳಲಿಲ್ಲ. ಕಿವುಡಿ ಎಂದು ತಿಳಿದರೆ ಖಾನಾವಳಿಯವರು ರೊಟ್ಟಿಯ ಕೆಲಸ ಬಿಡಿಸುತ್ತಾರೆ ಎಂದಲ್ಲ, ರೊಟ್ಟಿಗೆ ಕಿವಿ ಯಾಕೆ ಬೇಕು? ನಿನಗೆ ತಿಳಿದರೆ ಕನಿಕರಕ್ಕೆ ಬರುತ್ತೀ ಎಂದು. ಕನಿಕರಕ್ಕೆ ಬಂದವಳು ನನಗೆ ಬೇಡವಾಗಿತ್ತು. ಸಿಟ್ಟಿಗಾದರೂ ಬಾ ಎಂದು ಅಷ್ಟು ಬೈದು ಬರೆದೆ.

ಭಾನುವಾರ ಬರುತ್ತೇನೆ ಎಂಬ ನಿನ್ನ ಕಾಗದ ನನ್ನ ಕೈಗೆ ಸೋಮವಾರ ಬಂತು. ಭಾನುವಾರ ಖಾನಾವಳಿಗೆ ಇನ್ನೂರು ರೊಟ್ಟಿ. ಮಂಗಗಳ ಕಾಟ ಎಂದು ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಮಾಡಿ ಒಲೆಯ ಮುಂದೆ ಕೂತಿದ್ದೆ. ನೀನು ಹೊರಗೆ ಬಾಗಿಲು ಬಡಿದೆ, ನಾನು ಒಳಗೆ ರೊಟ್ಟಿ ಬಡಿದೆ. ನಿನಗೆ ನನ್ನದು ಕೇಳಿತು. ನನಗೆ ನಿನ್ನದೂ ಕೇಳಲಿಲ್ಲ, ನನ್ನದೂ ಕೇಳಲಿಲ್ಲ.

ಸಂಜೆ ಕಸ ಗುಡಿಸುವಾಗ ಹಾಳೆ, ಚೀಟಿ ಕಂಡವು. ಬಾಗಿಲು ತೆಗೆದೆ. ಮಳೆಗೆ ಅಂಗಳ ಹಸಿಯಾಗಿತ್ತು. ನಿನ್ನ ಚಪ್ಪಲಿಯ ಗುರುತು ಬಾಗಿಲಿಗೆ ಬಂದಿತ್ತು, ಕಿಟಕಿಗೆ ಹೋಗಿತ್ತು, ಮತ್ತೆ ಬಾಗಿಲಿಗೆ, ಮತ್ತೆ ಕಿಟಕಿಗೆ. ಎಷ್ಟು ಸಲ ಎಂದು ಕೂತು ನೋಡಿದೆ. ತಿರುಗಿ ಹೋದದ್ದು ಮಾತ್ರ ಒಂದೇ ಸಾಲು. ಆ ಗುರುತನ್ನು ಗುಡಿಸಲಿಲ್ಲ. ಮರುದಿನ ಮಳೆಯೇ ಗುಡಿಸಿತು.

ಈಗ ಇನ್ನೊಂದು ಮಾತು. ಅದನ್ನು ಬರೆಯಲು ಹೋಗಿ ಎರಡು ಹಾಳೆ ಒಲೆಗೆ ಹಾಕಿದ್ದೇನೆ.

ಹೋದ ಸೆಪ್ಟೆಂಬರ್ ಹನ್ನೆರಡನೇ ತಾರೀಖು ಬೆಳಿಗ್ಗೆ ಎಂಟಕ್ಕೆ ಮುತ್ಯಾ ಚಹಾ ಕುಡಿದು ಲೋಟ ಕೆಳಗಿಟ್ಟ. ಅಷ್ಟೇ. ಅಲ್ಲಿ ನಿನಗೆ ಹತ್ತಕ್ಕೆ ಪರೀಕ್ಷೆ. ಯಾರೂ ಅವಳಿಗೆ ತಿಳಿಸಕೂಡದು ಎಂದು ಮೆಹಬೂಬಿಯಿಂದ ಹಿಡಿದು ಪುಣೆಯಿಂದ ಬಂದ ನಿನ್ನ ಅಪ್ಪ ಗುರುಲಿಂಗನವರೆಗೆ ಎಲ್ಲರಿಗೂ ಆಣೆ ಹಾಕಿದೆ. ಅಂದಿನ ಪರೀಕ್ಷೆ ಮುಗಿಯುವವರೆಗೆ ಅಂದುಕೊಂಡೆ. ಮುಗಿದ ಮೇಲೆ, ಬಂದರೆ ಹದಿನಾಲ್ಕಕ್ಕೆ ತಿರುಗಿ ಹೋಗುವುದಿಲ್ಲ ಎಂದುಕೊಂಡೆ. ಅವನು ಸುತ್ತು ಹಾಕಿದ ದಿನ ಅದು, ತಪ್ಪಬಾರದು ಅಂದುಕೊಂಡೆ. ಹೀಗೆ ನಾನೇ ಅಂದುಕೊಂಡು ನಾನೇ ಮಣ್ಣು ಕೊಟ್ಟು ಬಂದೆ. ಪುಣೆಯವನು ಮುಖ ನೋಡಿದ. ಒಂದು ತಾಸಿನ ದಾರಿಯಲ್ಲಿದ್ದ ನೀನು ಬಂದು ನೋಡಿದ್ದು ಹಸಿ ಮಣ್ಣು.

ಸರಿಯೇ ಮಾಡಿದೆ ಎಂದು ಹತ್ತು ತಿಂಗಳು ವಾದ ಮಾಡಿದೆ, ಗೋಡೆಯ ಜೊತೆ. ನಿನ್ನ ಹಾಳೆಯಲ್ಲಿ ಆ ಖಾಲಿ ಮನೆ ನೋಡಿದ ದಿನ ವಾದ ಮುಗಿಯಿತು. ಬ್ಯಾಂಕಿನವರು ಹಿಡಿದದ್ದು ಸಹಿ ಮಾಡಿದರೆ ವಾಪಸ್ ಬರುತ್ತದೆ. ನಾನು ನಿನ್ನಿಂದ ಹಿಡಿದ ಆ ಎರಡು ದಿನಕ್ಕೆ ಯಾವ ಹಾಳೆಯೂ ಇಲ್ಲ. ತಪ್ಪು ನನ್ನದು. ಇದನ್ನೂ ನೀಲಿ ಶಾಯಿಯಲ್ಲೇ ಬರೆದಿದ್ದೇನೆ, ನೋಡು.

ಸೆಪ್ಟೆಂಬರ್ ಹನ್ನೆರಡಕ್ಕೆ ಮುತ್ಯಾನ ವರ್ಷ ತುಂಬುತ್ತದೆ. ಸಮಾಧಿಗೆ ಮೊದಲ ಹೂವು ನೀನು ಇಡಬೇಕು. ಅಲ್ಲಿಯವರೆಗೆ ಯಾರೂ ಇಡದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಇನ್ನು ಬಾಗಿಲಿಗೆ ಚಿಲಕ ಹಾಕುವುದಿಲ್ಲ, ಮಂಗ ಬಂದರೆ ಬರಲಿ. ಬಡಿಯಬೇಡ, ಕೂಗಬೇಡ. ನೇರ ಒಳಗೆ ಬಂದು ಭುಜ ಹಿಡಿದು ಅಲ್ಲಾಡಿಸು. ಬೆಚ್ಚಿ ಬೈದರೆ ಬೈಸಿಕೋ. ಉಂಡಿ ಡಬ್ಬಿಯಲ್ಲಿವೆ, ಎಳ್ಳಿನವು ಗಟ್ಟಿಯಾಗಿವೆ, ನಿನ್ನ ಹಲ್ಲು ಇನ್ನೂ ಎಳೆಯವು.

ಬರುತ್ತೀ ಎಂದಾದರೆ ಬರೆ. ಬರುವುದಿಲ್ಲ ಎಂದಾದರೆ ಅದನ್ನೂ ಬರೆ, ಬೈದು ಬರೆ, ಉದ್ದಕ್ಕೆ ಬರೆ. ಮಷೀನಿನಲ್ಲಿ ಹೊಡೆಯಬೇಡ. ಫೋನು ಮಾಡಬೇಡ, ಯಾಕೆಂದು ಈಗ ಗೊತ್ತಾಯಿತು. ಸೆಪ್ಟೆಂಬರ್ ಹುಟ್ಟುವುದರೊಳಗೆ ನಿನ್ನ ಕೈಬರಹದ ಉತ್ತರ ನನ್ನ ಕೈಯಲ್ಲಿರಬೇಕು.

ನಿನ್ನ ಆಯಿ
ರೇವಮ್ಮ